ಹಸಿರು ಗೆರೆ

ಭಾನುವಾರದ ಫೈನಲ್‌ಗೆ ಮುಂಚೆ ನಾನು ಒದ್ದೆ ಬಟ್ಟೆಯಿಂದ ಕಂಟ್ರೋಲರ್‌ಗಳನ್ನು ಒರೆಸುತ್ತಿದ್ದೆ. ವಿಡಿಯೊ ಗೇಮ್ ಆಡಿಸುವ ಅಂಗಡಿಯಲ್ಲಿ ನನ್ನ ಕೆಲಸ ಅದೇ, ಮಾತು ಬೇಕಾಗುವುದಿಲ್ಲ. ರುದ್ರೇಶಣ್ಣ ಬಂದು ತನ್ನ ಕುರ್ಚಿಯಲ್ಲಿ ಕೂತ.

ಪ್ರತಿ ವಾರ ಗೆಲ್ಲುವವನು ಅವನೇ, ಅದೂ ಒಂದೇ ರೀತಿ. ಪರದೆಯ ಮೇಲೆ ಅವನ ಪೈಲ್ವಾನನ ಜೀವ ತೋರಿಸುವ ಹಸಿರು ಗೆರೆ ಸವೆದು, ಕೆಂಪಾಗಿ, ಬೆರಳಗಲ ಉಳಿಯುತ್ತದೆ. ಆಗ ಅವನು "ಕೈ ಹಿಡಕೊಂತು" ಎಂದು ನರಳುತ್ತಾನೆ. ನಿಂತು ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಗೆಲ್ಲುತ್ತಾನೆ.

ನನಗೆ ಬಹಳ ದಿನದಿಂದ ಅನುಮಾನ. ಇವತ್ತು ಕೇಳಿಯೇಬಿಟ್ಟೆ.

"ಅಣ್ಣಾ, ಆ ಕೈನೋವು ಖರೇನ?"

ಅವನು ಸುತ್ತ ನೋಡಿ ನಕ್ಕ. "ಸುಮ್ನ ಗೆದ್ರ ಯಾರ್ ನೋಡ್ತಾರವ್ವ ತಂಗಿ? ಇಂವ ಸೋತ ಅನಸ್ಬೇಕು, ಆವಾಗ ಮಂದಿಗೆ ಮಜಾ. ಯಾರ್ಗೂ ಹೇಳಬ್ಯಾಡ."

"ಹೇಳೂದಿಲ್ಲ. ಆದ್ರ ಇನ್ಮ್ಯಾಗ ನಾ ನಂಬೂದಿಲ್ಲ."

"ಇವತ್ತ ನಿನ್ನೂ ನಂಬಸ್ತೀನಿ, ನೋಡ."

ಆಟ ಶುರುವಾಯಿತು. ಗೆರೆ ಇನ್ನೂ ಪೂರ್ತಿ ಹಸಿರಾಗಿರುವಾಗಲೇ ಕಂಟ್ರೋಲರ್ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು.

"ಏಯ್, ಇವತ್ತ ಭಾಳ ಲಗೂ ಚಾಲೂ ಮಾಡಿದೆಲ್ಲೋ!" ಯಾರೋ ಕೂಗಿದರು. ಸಿಳ್ಳೆಗಳು ಎದ್ದವು.

ನಾನು ಕಂಟ್ರೋಲರ್ ಎತ್ತಿ, ಒರೆಸಿ, ಅವನ ಬಲಗೈಯಲ್ಲಿಟ್ಟೆ. ಅದು ಮತ್ತೆ ಜಾರಿತು. ಈ ಸಲ ನಂಬಬಾರದು ಅಂದುಕೊಂಡು, ನಗು ತಡೆದು ಹಿಂದಕ್ಕೆ ಸರಿದೆ. ಚಪ್ಪಾಳೆ ಜೋರಾಯಿತು.

"ತಂಗಿ," ಅವನು ತೊದಲಿದ, "ದವಾಖಾನಿಗೆ ಕರಕೊಂಡ ಹೋಗವ್ವ."