ಎರಡು ಭಾಷಣ, ಒಂದೇ ಗಂಟಲು

ಅಮೆರಿಕದಲ್ಲಿ ರೈಲು ಇನ್ನೂ ಎಲ್ಲ ಊರುಗಳನ್ನು ಮುಟ್ಟಿರದ ಕಾಲ. ಒಂದು ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಪದವಿಗೆ ನಿಂತಿದ್ದ ಹೈರಮ್ ಮತ್ತು ಟೋಬಿಯಸ್, ಅಲ್ಲಿನ ವಾಡಿಕೆಯಂತೆ, ಒಂದೇ ಕುದುರೆಗಾಡಿಯಲ್ಲಿ ಊರೂರು ಸುತ್ತಿ ಒಂದೇ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು. ಗವರ್ನರ್ ಗಟ್ಟಿಮುಟ್ಟಾಗಿರುವವರೆಗೆ ಆ ಪದವಿಗೆ ಹೇಳಿಕೊಳ್ಳುವಂಥ ಕೆಲಸವೇನೂ ಇರಲಿಲ್ಲ. ಅದಕ್ಕೇ ಬೈಗುಳ ಜೋರಾಗಿತ್ತು.

ಕೊನೆಯ ಸಭೆ ಹೈರಮ್‌ನ ಸ್ವಂತ ಊರಿನಲ್ಲಿ. ಅಷ್ಟರಲ್ಲಿ ಟೋಬಿಯಸ್‌ನ ಗಂಟಲು ಕಟ್ಟಿಹೋಗಿತ್ತು.

“ನನ್ನ ಭಾಷಣಾನೂ ನೀವೇ ಮಾಡ್ಬಿಡಿ,” ಎಂದು ಅವನು ಹೈರಮ್‌ನ ಕಿವಿಯಲ್ಲಿ ಪಿಸುಗುಟ್ಟಿದ. “ಇಷ್ಟು ದಿನ ಕೇಳಿ ಕೇಳಿ ನಿಮಗೆ ಬಾಯಿಪಾಠ ಆಗಿರುತ್ತೆ.”

“ನಿಮ್ಮ ಪರವಾಗಿ ನನ್ನನ್ನ ನಾನೇ ಬಯ್ಕೋಬೇಕಾ?”

“ಇದು ನಿಮ್ಮೂರು. ಯಾರು ನಂಬ್ತಾರೆ?”

ಹೈರಮ್ ಮರ್ಯಾದಸ್ಥ. ಮೊದಲು ತನ್ನ ಭಾಷಣ ಮುಗಿಸಿದ. ಆಮೇಲೆ ಟೋಬಿಯಸ್‌ನ ಟೋಪಿ ಹಾಕಿಕೊಂಡು, ಹೈರಮ್ ಎಂಬ ಸೋಮಾರಿ ಯಾಕೆ ಗೆಲ್ಲಬಾರದು ಎಂಬುದನ್ನು ಮನಮುಟ್ಟುವಂತೆ ವಿವರಿಸಿದ. ಮೊದಲನೆಯದಕ್ಕೆ ಆಕಳಿಸಿದ್ದ ಜನ ಎರಡನೆಯದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮತ ಎಣಿಕೆ ಮುಗಿದ ಮೇಲೆ ಹೈರಮ್‌ನ ಪಕ್ಷದ ಮುಖಂಡ ಕೆಂಡಾಮಂಡಲವಾಗಿ ಅವನ ಮನೆಗೆ ಬಂದ.

“ಸೋತಿದ್ದು ಹಾಳಾಗಲಿ. ಈ ಊರಿನ ಪೆಟ್ಟಿಗೆಯಲ್ಲಿ ನಿಮಗೆ ಒಂದೇ ಒಂದು ವೋಟೂ ಬಿದ್ದಿಲ್ಲ. ಊರವರ ಮಾತು ಬಿಡಿ, ನಿಮ್ಮ ವೋಟು ಎಲ್ಲಿ ಹೋಯ್ತು?”

ಹೈರಮ್ ತಲೆ ತಗ್ಗಿಸಿದ.

“ಆವತ್ತಿನ ಭಾಷಣ ನಾನೂ ಕೇಳಿದ್ನಲ್ಲ.”