ನಾಲ್ಕನೇ ಹೋಲಿನ ಹನ್ನೊಂದು

ಗಾಲ್ಫ್ ಕ್ಲಬ್ಬಿನ ಆಫೀಸಿನಲ್ಲಿ ಹಲ್ಲಿನ ಡಾಕ್ಟರು ತಮ್ಮ ಸ್ಕೋರ್ ಕಾರ್ಡನ್ನು ಮೇಜಿನ ಮೇಲಿಟ್ಟು, ಆದಷ್ಟು ದುಃಖದ ಮುಖ ಮಾಡಿಕೊಂಡು ನಿಂತರು. ಲೆಕ್ಕದ ಮೇಡಂ ಕನ್ನಡಕ ಏರಿಸಿ ನೋಡಿದರು. ನಾಲ್ಕನೇ ಹೋಲಿನ ಕುಳಿಗೆ ಚೆಂಡು ಬೀಳಿಸಲು ಹನ್ನೊಂದು ಹೊಡೆತ. ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಏಳು ಎಂದು ಬರೆದರು.

“ಮೇಡಂ, ಅದು ಹನ್ನೊಂದು.”

“ಗೊತ್ತು ಡಾಕ್ಟ್ರೇ. ಆ ಹೋಲಿಗೆ ಇರೋದು ನಾಲ್ಕು ಹೊಡೆತ. ಮೇಲೆ ಎರಡು ಎಲ್ಲರಿಗೂ ಬಿಡ್ತೀವಿ, ನಿಮ್ಮ ರಿಯಾಯಿತಿ ಇನ್ನೊಂದು. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯಲ್ಲ.”

ಡಾಕ್ಟರ ಮುಖದಲ್ಲಿ ಈಗ ನಿಜವಾದ ದುಃಖ ಕಾಣಿಸಿತು. ಭಾನುವಾರ ಅವರಿಗೂ ಅವರ ಷಡ್ಡಕ ವಕೀಲರಿಗೂ ಪಂದ್ಯ. ಗೆದ್ದ ಅಳಿಯ ಮಾವನ ಪಕ್ಕದಲ್ಲಿ ಊಟಕ್ಕೆ ಕೂರುತ್ತಾನೆ, ಸೋತ ಅಳಿಯ ಬಡಿಸುತ್ತಾನೆ. ಹಿರಿಯಳಿಯನಾದರೂ ಡಾಕ್ಟರು ಮೂರು ವರ್ಷದಿಂದ ಸೌಟು ಹಿಡಿದೇ ನಿಂತಿದ್ದರು. ಹೆಚ್ಚು ಹೊಡೆತ ತೆಗೆದುಕೊಂಡು ಕೆಟ್ಟದಾಗಿ ಆಡಿದಷ್ಟೂ ಹ್ಯಾಂಡಿಕ್ಯಾಪ್ ಏರುತ್ತದೆ, ಏರಿದಷ್ಟೂ ಪಂದ್ಯದಲ್ಲಿ ಹೊಡೆತಗಳ ರಿಯಾಯಿತಿ ಸಿಗುತ್ತದೆ ಎಂಬುದು ಈ ವಾರ ಯಾರದೋ ಬಾಯೊಳಗೆ ಇಣುಕುತ್ತಿರುವಾಗ ಅವರಿಗೆ ಹೊಳೆದಿತ್ತು.

“ಕೊಳಕ್ಕೆ ಎಷ್ಟು ಚೆಂಡು ಹೋಯ್ತು?” ಮೇಡಂ ಕೇಳಿದರು.

“ಮೂರು.”

“ಮೂರೂ ಒಂದೇ ಜಾಗಕ್ಕಾ?”

“ಗಾಳಿ ಇತ್ತು.”

ಮೇಡಂ ಕಿಟಕಿಯಾಚೆ ನೋಡಿದರು. ಕ್ಲಬ್ಬಿನ ಬಾವುಟ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿತ್ತು.

“ಮೂರೂ ಹೊಸ ಚೆಂಡು ಮೇಡಂ. ಹೋಗ್ಲಿ, ಹತ್ತಾದ್ರೂ ಹಾಕ್ಕೊಳ್ಳಿ. ನಾಳೆ ನಿಮ್ಮ ಹಲ್ಲಿಗೇನಾದ್ರೂ ಬಂದ್ರೆ ನಾನೇ ತಾನೇ ನೋಡ್ಬೇಕು.”

“ನನ್ನ ಬಾಯಲ್ಲಿರೋದೆಲ್ಲ ಕಟ್ಟಿಸಿದ ಹಲ್ಲು. ಕಟ್ಟಿದ್ದೂ ನೀವೇ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವಕೀಲರು ಬಂದರು. ಮುಖ ಇಷ್ಟುದ್ದ. ಷೂಗಳಿಂದ ಮರಳು ಉದುರುತ್ತಿತ್ತು. ಡಾಕ್ಟರನ್ನು ಕಂಡವರೇ ಕಾರ್ಡನ್ನು ಬೆನ್ನ ಹಿಂದೆ ಸರಿಸಿದರು. ಮೇಡಂ ಆಗಲೇ ಕೈ ಚಾಚಿದ್ದರು.

ಒಂಬತ್ತನೇ ಹೋಲಿಗೆ ಹದಿಮೂರು.

“ಮರಳಿನ ಗುಂಡೀಲಿ ಸಿಕ್ಕಿಹಾಕ್ಕೊಂಡೆ,” ಎಂದರು ವಕೀಲರು, ಯಾರನ್ನೂ ನೋಡದೆ. “ಬೆಳಗ್ಗೆಯಿಂದ ಸೊಂಟ ಬೇರೆ ಹಿಡ್ಕೊಂಡಿದೆ.”

“ಅಯ್ಯೋ ಪಾಪ,” ಎಂದರು ಡಾಕ್ಟರು. “ನಿನ್ನೆ ಸರಿಯಾಗೇ ಇದ್ಯಲ್ಲಪ್ಪ.”

“ನೀವ್ಯಾಕಣ್ಣ ಇಲ್ಲಿ?”

ಡಾಕ್ಟರು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ಕೆಂಪು ಪೆನ್ನು ಹದಿಮೂರನ್ನೂ ಹೊಡೆದು ಏಳು ಮಾಡಿತು. ಮೇಡಂ ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿ, ಒಂದು ಸಲ ನಿಟ್ಟುಸಿರಿಟ್ಟು, ಇಬ್ಬರ ಕಾರ್ಡನ್ನೂ ಮುಂದಕ್ಕೆ ತಳ್ಳಿದರು.

“ಇಬ್ಬರ ಹ್ಯಾಂಡಿಕ್ಯಾಪೂ ಇದ್ದಲ್ಲೇ ಇದೆ. ಭಾನುವಾರ ಯಾರು ಚೆನ್ನಾಗಿ ಆಡ್ತೀರೋ ಅವರು ಗೆಲ್ತೀರಿ.”

ಷಡ್ಡಕರಿಬ್ಬರೂ ಮುಖ ಮುಖ ನೋಡಿಕೊಂಡರು. ಆ ದಾರಿ ಇಬ್ಬರಿಗೂ ಹೊಳೆದಿರಲಿಲ್ಲ.