ಎಳೆದಿಟ್ಟ ಹ್ಯಾಂಡ್‌ಬ್ರೇಕ್

"ಯಾವ ದರಿದ್ರನೋ ಇವನು! ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗಿದಾನಲ್ಲ!" ಓಣಿಗೆಲ್ಲ ಕೇಳುವಂತೆ ಕೂಗಿ ಹಮ್ದಿ ಬಿಳಿ ಕಾರಿನ ಬಾನೆಟ್ಟಿಗೆ ಗುದ್ದಿದ.

ಕೈರೋದಲ್ಲಿ ನಿಂತ ಕಾರಿಗೆ ಅಡ್ಡಲಾಗಿ ಇನ್ನೊಂದು ಕಾರು ನಿಲ್ಲಿಸುವುದು ತಪ್ಪಲ್ಲ; ಬೇರೆ ಜಾಗವಾದರೂ ಎಲ್ಲಿದೆ? ಆದರೆ ಹಾಗೆ ನಿಲ್ಲಿಸಿದವನು ಹ್ಯಾಂಡ್‌ಬ್ರೇಕ್ ಇಳಿಸಿ ಹೋಗಬೇಕು. ಒಳಗೆ ಸಿಕ್ಕಿಕೊಂಡವನು ಅದನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತಾನೆ. ಅಷ್ಟೂ ಮಾಡದವನು ಮನುಷ್ಯನೇ ಅಲ್ಲ ಎನ್ನುವುದು ಓಣಿಯ ತೀರ್ಪು. ಬಿಳಿ ಕಾರಿನ ಹಿಂದೆ ಗೋಡೆಗೆ ಒತ್ತಿಕೊಂಡು ಕಂಪನಿಯ ಕಪ್ಪು ಕಾರು ನಿಂತಿತ್ತು. ಹಮ್ದಿ ಅದರ ಡ್ರೈವರ್.

ಫೋನು ಏಳನೆಯ ಸಲ ಬಡಿದುಕೊಂಡಿತು. ಮ್ಯಾನೇಜರ್ ವಜೀಹ್ ಬೇ, ಅಂದರೆ ವಜೀಹ್ ಸಾಹೇಬ. ಈ ಫೋನಿಗೆ ಶುಕ್ರವಾರದ ರಜೆಯೂ ಇಲ್ಲ, ಊಟದ ಹೊತ್ತೂ ಇಲ್ಲ. ಅದು ಬಡಿದುಕೊಂಡರೆ ಹಮ್ದಿಯ ಎದೆಯೂ ಬಡಿದುಕೊಳ್ಳುತ್ತದೆ. ಇವತ್ತು ಹತ್ತಕ್ಕೆ ಮಗಳು ನೂರ್‌ಹಾನಳ ಶಾಲೆಯಲ್ಲಿ ನಾಟಕ. ಮೂರು ವರ್ಷದಿಂದ ಅಲ್ಲಿ ಅಪ್ಪನ ಕುರ್ಚಿ ಖಾಲಿ. ಅರ್ಧ ದಿನ ರಜೆ ಕೇಳಿದ್ದಕ್ಕೆ ವಜೀಹ್ ಬೇ ನಕ್ಕುಬಿಟ್ಟಿದ್ದ. ಅವನಿಗೆ ಅಲೆಕ್ಸಾಂಡ್ರಿಯಾಕ್ಕೆ ಹೋಗಬೇಕಿತ್ತು.

"ಎಲ್ಲಿ ಸತ್ತಿದೀಯೋ?"

"ನಮ್ಮ ಮನೆ ಮುಂದೇನೇ ಇದೀನಿ, ಬೇ. ಕಾರು ಅಡ್ಡ ನಿಂತಿದೆ."

"ಏನಾದ್ರೂ ಮಾಡಿ ಬಾ!"

"ಏನ್ಮಾಡ್ಲಿ? ಕಾರನ್ನ ತಲೆ ಮೇಲೆ ಹೊತ್ಕೊಂಡು ಬರ್ಲಾ?"

ಹನ್ನೊಂದು ವರ್ಷದಲ್ಲಿ ಹಮ್ದಿಯ ಬಾಯಿಂದ ಇಂಥ ಮಾತು ಬಂದಿರಲಿಲ್ಲ. ಆಡಿದ ಮೇಲೆ ಹಿತವೆನಿಸಿತು.

ಎದುರಿನ ಚಹಾದಂಗಡಿಯ ಹಾಜಿ ಬಯೂಮಿ ನಾಲ್ಕು ಜನರನ್ನು ಕರೆದುಕೊಂಡು ಬಂದ. "ಸರಿ ಆಚೆ. ಎತ್ತಿ ಪಕ್ಕಕ್ಕಿಟ್ಬಿಡ್ತೀವಿ."

"ಬೇಡ ಹಾಜಿ," ಎಂದು ಹಮ್ದಿ ಅಡ್ಡ ನಿಂತ. "ಒಂದು ಗೆರೆ ಬಿದ್ರೂ ನನ್ನ ತಲೆಗೇ ಬರೋದು."

"ನಿಲ್ಲಿಸಿದವನಿಗೆ ನಾಚಿಕೆ ಬೇಡ್ವಾ?"

"ಅವನಿಗೆಲ್ಲಿಯ ನಾಚಿಕೆ? ಅದನ್ನ ಬಿಟ್ಟೇ ಕಾರು ನಿಲ್ಲಿಸಿದಾನೆ."

ಹಾಜಿ ಗೊಣಗುತ್ತಾ ತನ್ನವರನ್ನು ಕರೆದುಕೊಂಡು ಅಂಗಡಿಗೆ ಮರಳಿದ. ಒಂಬತ್ತೂಕಾಲಿಗೆ ಮತ್ತೆ ಫೋನು.

"ನಾನು ಬಾಡಿಗೆ ಕಾರಲ್ಲಿ ಹೊರಟೆ. ನೀನು ಅಲ್ಲೇ ಬಿದ್ದಿರು! ಸಂಜೆ ಹೊತ್ತಿಗೆ ನಮ್ಮ ಕಾರು ಬಿಡಿಸ್ಕೊಂಡು ಬಾ."

ಹಮ್ದಿ ಫೋನನ್ನು ಪೂರ್ತಿ ಆರಿಸಿ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ನೂರ್‌ಹಾನ್ ರಾಣಿಯ ವೇಷದಲ್ಲಿ ಮೆಟ್ಟಿಲಿಳಿದು ಬಂದಳು. ಸಿಕ್ಕಿಕೊಂಡಿದ್ದ ಕಪ್ಪು ಕಾರನ್ನು ನೋಡಿ ಅವಳ ಮುಖ ಬಾಡಿತು.

"ಈ ಸಲಾನೂ ಬರಲ್ವಾ, ಬಾಬಾ?"

ಹಮ್ದಿ ಇನ್ನೊಂದು ಜೇಬಿನಿಂದ ಕೀಲಿ ತೆಗೆದು ಬಿಳಿ ಕಾರಿನ ಬಾಗಿಲು ತೆರೆದ. "ಬೇಗ ಹತ್ತು ಮಗಳೇ, ಇದನ್ನ ಸಂಜೆಯೊಳಗೆ ನಿನ್ನ ಸೋದರಮಾವನಿಗೆ ವಾಪಸ್ ಕೊಡ್ಬೇಕು."